ಗೋಕರ್ಣಕ್ಕೆ ಬಂದ ಬರಿಗಾಲು

ಬಿಳಿ ಮನುಷ್ಯನ ಬರಿಗಾಲನ್ನು ನಾನು ಮೊದಲ ಸಲ ಕಂಡದ್ದು ಗೋಕರ್ಣದ ರಥಬೀದಿಯಲ್ಲಿ. ಶಿವರಾತ್ರಿಯ ತೇರು ನೋಡಲು ಅಜ್ಜಿಯ ಸೆರಗು ಹಿಡಿದು ಹೋಗಿದ್ದೆ. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಎದೆತನಕ ಗಡ್ಡ, ಸೊಂಟಕ್ಕೆ ಮಾಸಿದ ಪಂಚೆ, ಕುತ್ತಿಗೆಯಲ್ಲಿ ಮಣಿಸರ, ಹೆಗಲಿಗೊಂದು ಜೋಳಿಗೆ. ಸುಡುವ ನೆಲದ ಮೇಲೆ ಚಪ್ಪಲಿ ಇಲ್ಲದೆ ನಡೆದು ಬರುತ್ತಿದ್ದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. 'ಪಾಪ, ಮೆಟ್ಟು ತಕಣೂಕೂ ದುಡ್ಡಿಲ್ವನ ಅವಂಗೆ' ಅಂದಳು.

ಅಜ್ಜಿಯ ಕಾಲಲ್ಲೂ ಮೆಟ್ಟಿರಲಿಲ್ಲ. ಅವಳ ಹರೆಯದಲ್ಲಿ ಒಡೆಯರ ಅಂಗಳದ ಹತ್ತಿರ ಮೆಟ್ಟು ಹಾಕಿಕೊಂಡು ಹೋದರೆ ಕೇಳುವವರಿದ್ದರು. ಕೇಳುವವರು ಕಡಿಮೆಯಾಗುವ ಹೊತ್ತಿಗೆ ಅವಳ ಕಾಲೇ ಮೆಟ್ಟನ್ನು ಒಪ್ಪದೆ ಹೋಯಿತು. ಅವನಿಗಾದರೋ ಊರಿಗೆ ತಿರುಗಿ ಹೋಗಲು ವಿಮಾನದ ಚೀಟಿಯೋ, ಚೀಟಿ ಕಳಿಸುವ ಅಪ್ಪನೋ ಇದ್ದ. ಹೀಗೆ ಒಂದೇ ಬೀದಿಯಲ್ಲಿ ಎರಡು ಬಗೆಯ ಬರಿಗಾಲು ಎದುರುಬದುರಾದವು. ಒಬ್ಬನು ಬಯಸಿ ಬಿಚ್ಚಿಟ್ಟದ್ದು, ಇನ್ನೊಬ್ಬಳಿಗೆ ಹಾಕಗೊಡದೆ ಇದ್ದದ್ದು. ಇವೆರಡೂ ನೋಡುವವರ ಕಣ್ಣಿಗೆ ಒಂದೇ ಥರ ಕಾಣುತ್ತವಲ್ಲ, ಆ ಮೋಸದ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡೋಣ ಅಂತ ಈ ಬರಹ.

ಈ ನೆನಪು ನನ್ನಲ್ಲಿ ಮತ್ತೆ ಎದ್ದದ್ದು 2021ರ ನವೆಂಬರಿನಲ್ಲಿ. ಅಂಕೋಲೆ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದರು. ಬೆನ್ನಿಗೆ ಹಾಲಕ್ಕಿ ಸೀರೆ, ಕೊರಳ ತುಂಬ ಮಣಿ. ಆ ಫೋಟೋ ದೇಶವನ್ನೆಲ್ಲ ಸುತ್ತಿತು. 'ಎಂಥ ಸರಳತೆ! ನಮಗೆ ಪಾಠ!' ಎಂದು ಬೆಂಗಳೂರಿನ ಜನ ಕಣ್ಣೀರಿಟ್ಟರು. ಆ ಮಹಾತಾಯಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿಯಾಗಿ ಸಸಿ ಬೆಳೆಸಿದವರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ದಿನಗೂಲಿಯ ಬಗ್ಗೆ ಕಣ್ಣೀರು ಹಾಕಿದವರನ್ನು ನಾನು ಕಾಣಲಿಲ್ಲ. ಕಾಲಿನ ಮೇಲೆ ಮಾತ್ರ ಎಲ್ಲರ ಕಣ್ಣು.

ಈಗ ಪಟ್ಟಣದ ಹುಡುಗರ ಬಾಯಲ್ಲಿ 'ಹಿಪ್‌ಸ್ಟರ್' ಎಂಬ ಮಾತೊಂದಿದೆ. ಎಲ್ಲರೂ ಕೊಳ್ಳುವುದನ್ನು ಬಿಟ್ಟು ಹಳೆಯದನ್ನು, ಕೈಯಿಂದ ಮಾಡಿದ್ದನ್ನು, ಹರಿದದ್ದನ್ನು, ಮೂಲೆಯ ಊರಿನದನ್ನು ಹುಡುಕಿ ಕೊಳ್ಳುವವನು ಅಂತ ಅದರ ಅರ್ಥ. ನಾನು ಮಂದೆಯ ಕುರಿಯಲ್ಲ ಎಂದು ಉಟ್ಟದ್ದರಲ್ಲಿ, ಉಂಡದ್ದರಲ್ಲಿ, ಕೇಳುವ ಹಾಡಿನಲ್ಲಿ ಸಾರುವವನು. ಈ ಅರ್ಥ ನ್ಯೂಯಾರ್ಕಿನ ಬ್ರೂಕ್ಲಿನ್ ಕಡೆ ಕಳೆದ ಶತಮಾನದ ಕೊನೆಗೆ ಗಟ್ಟಿಯಾದದ್ದು. ಆದರೆ ಮಾತು ಹಳೆಯದು. 1940ರ ದಶಕದ ಅಮೆರಿಕದಲ್ಲಿ ಕಪ್ಪು ಜನರ ಜಾಜ್ ಸಂಗೀತದ ಸುತ್ತ ಹುಟ್ಟಿದ್ದು. ಬಿಳಿಯರ ಮಕ್ಕಳು ಕೆಲವರು ರಾತ್ರಿ ಜಾಜ್ ಕೇಳಲು ಹೋಗಿ ಕಪ್ಪು ವಾದ್ಯಗಾರರ ನಡಿಗೆ, ಟೊಪ್ಪಿಗೆ, ಮಾತಿನ ವರಸೆ ಕಲಿತು ಬಂದರು. ಅವರನ್ನೂ ಹಿಪ್‌ಸ್ಟರ್ ಎಂದರು. 1957ರಲ್ಲಿ ನಾರ್ಮನ್ ಮೈಲರ್ ಇವರನ್ನು ಕೊಂಡಾಡಿ ಒಂದು ಪ್ರಬಂಧ ಬರೆದ. ಅದರ ಹೆಸರನ್ನು ಕನ್ನಡದಲ್ಲಿ 'ಬಿಳಿಯ ನೀಗ್ರೋ' ಎನ್ನಬೇಕು. ಕಪ್ಪು ಮನುಷ್ಯ ಸಾವಿನ ಅಂಚಿನಲ್ಲಿ ಬದುಕುತ್ತಾನೆ, ಆದ್ದರಿಂದ ಅವನು ಸ್ವತಂತ್ರ, ಅವನನ್ನು ಅನುಕರಿಸಬೇಕು ಎಂಬ ಧಾಟಿ ಅದರದು. ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ 1961ರಲ್ಲಿ ಮೈಲರನ ಕುರಿತು ಬರೆಯುತ್ತ ಈ ಭ್ರಮೆಯನ್ನು ಬಿಡಿಸಿಟ್ಟ. ಸಾವಿನ ಅಂಚಿಗೆ ತಳ್ಳಲ್ಪಟ್ಟವನಿಗೆ ಆ ಅಂಚು ರೋಮಾಂಚನ ಅಲ್ಲವಲ್ಲ!

ಇದೆಲ್ಲ ಅಮೆರಿಕದ ಕತೆ, ನಮಗ್ಯಾಕೆ ಅಂತ ಕೇಳಬಹುದು. ನಮ್ಮ ಕುಮಟೆಗೂ ಇದಕ್ಕೂ ಹಳೆಯ ನಂಟಿದೆ ಗೆಳೆಯರೇ. ಜಾಜ್ ಹುಟ್ಟಿಸಿದವರು ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದ ಗುಲಾಮರ ಮೊಮ್ಮಕ್ಕಳು. ಅವರು ಬಿಡಿಸಿದ ಹತ್ತಿ ಲಿವರ್‌ಪೂಲಿಗೆ ಹೋಗಿ ಲ್ಯಾಂಕಾಶೈರ್ ಗಿರಣಿಗಳಲ್ಲಿ ಬಟ್ಟೆಯಾಗುತ್ತಿತ್ತು. 1861ರಿಂದ 1865ರ ತನಕ ಅಲ್ಲಿ ಅಂತರ್ಯುದ್ಧ ನಡೆದು ಗುಲಾಮರ ಹತ್ತಿ ನಿಂತಾಗ ಬ್ರಿಟಿಷರ ಕಣ್ಣು ಧಾರವಾಡ ಸೀಮೆಯ ಕರಿಮಣ್ಣಿನ ಮೇಲೆ ಬಿತ್ತು. ಆ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಇಲ್ಲಿಂದ ಹಡಗಿನಲ್ಲಿ ಮುಂಬಯಿಗೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ಬಂದರುಗಳ ಲೆಕ್ಕಾಚಾರವಿತ್ತು. ವಿಲಾಯತಿಯ ಪೇಟೆಯಲ್ಲಿ ಆ ಮಾಲಿಗೆ 'ಕುಮಟಾ ಹತ್ತಿ' ಎಂದೇ ಹೆಸರು. ಕುಮಟೆಯ ಈ ಮಳೆಯ ನೆಲ ಹತ್ತಿ ಬೆಳೆಯುವ ನೆಲವೇ ಅಲ್ಲ! ಬೆಳೆದವನು ಇನ್ನೊಬ್ಬ, ಹೊತ್ತವನು ಮತ್ತೊಬ್ಬ, ಹೆಸರು ಮಾತ್ರ ಬಂದರಿನದು, ಲಾಭ ದಲಾಲನದು. 1880ರ ದಶಕದಲ್ಲಿ ಧಾರವಾಡ ಸೀಮೆಗೆ ರೈಲು ಬಂತು, ಹತ್ತಿ ಬೇರೆ ದಾರಿ ಹಿಡಿಯಿತು, ಬಂದರು ಬಡವಾಯಿತು. ದೂರದವರ ಉಡುಗೆಯ ಖಯಾಲಿ ನಮ್ಮ ಕರಾವಳಿಯನ್ನು ಎತ್ತಿ ಕೂರಿಸಿ ಕೆಳಗೆ ಒಗೆದದ್ದು ಇವತ್ತಿನ ಮಾತಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಅದಾಗಿ ನೂರು ವರ್ಷಕ್ಕೆ ಅಮೆರಿಕದ, ಯುರೋಪಿನ ಮಕ್ಕಳೇ ಇಲ್ಲಿಗೆ ನಡೆದು ಬಂದರು. ಹಿಪ್‌ಸ್ಟರ್ ಎಂಬ ಮಾತಿನಿಂದಲೇ 1960ರ ದಶಕದಲ್ಲಿ ಹಿಪ್ಪಿ ಎಂಬ ಮಾತು ಹುಟ್ಟಿತ್ತು. ಈ ಹಿಪ್ಪಿಗಳನ್ನು ನಮ್ಮ ಪೇಪರಿನವರು ಗಾಂಜಾ ಗಿರಾಕಿಗಳೆಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಅದು ಅನ್ಯಾಯ. ಅವರ ಸಿಟ್ಟು ಖರೆ ಇತ್ತು. ಅವರ ಸರಕಾರ ವಿಯೆಟ್ನಾಮಿನ ಭತ್ತದ ಗದ್ದೆಗಳ ಮೇಲೆ ನೇಪಾಮ್ ಸುರಿಯುತ್ತಿತ್ತು, ಹದಿನೆಂಟು ತುಂಬಿದ ಹುಡುಗರನ್ನು ಸೈನ್ಯಕ್ಕೆ ಎಳೆಯುತ್ತಿತ್ತು. ಮನೆಯಲ್ಲಿ ಅಪ್ಪ ಕಾರು ಬದಲಾಯಿಸುವುದೇ ಬದುಕು ಅಂದುಕೊಂಡಿದ್ದ. ಇದು ಬೇಡ ಎಂದು ಮನೆಬಿಟ್ಟು ಬಂದ ಮಕ್ಕಳಿಗೆ ಒಂದು ನೈತಿಕ ಧೈರ್ಯ ಇದ್ದೇ ಇತ್ತು. ಇನ್ನೊಂದನ್ನೂ ಹೇಳಬೇಕು. ತಮ್ಮನ್ನು ಅಂಗಡಿಯ ಸರಕು ಮಾಡುತ್ತಿದ್ದಾರೆ ಎಂದು ಮೊದಲು ಕಂಡುಕೊಂಡವರೂ ಅವರಲ್ಲೇ ಕೆಲವರು. 1967ರ ಅಕ್ಟೋಬರಿನಲ್ಲಿ ಸಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಅವರೇ ಒಂದು ಶವಪೆಟ್ಟಿಗೆ ಹೊತ್ತು 'ಹಿಪ್ಪಿ ಸತ್ತ' ಎಂದು ಅಣಕು ಮೆರವಣಿಗೆ ಮಾಡಿದರು. ಆದರೆ ಜಾಹೀರಾತಿನವರು ಆ ಪೆಟ್ಟಿಗೆಯನ್ನೂ ಬಿಡಲಿಲ್ಲ. ಬಂಡಾಯದ ಭಾಷೆಯನ್ನೇ ಹಿಡಿದು ಕಾರು, ಸೋಡಾ ಮಾರಿದರು ಎಂಬುದನ್ನು ಥಾಮಸ್ ಫ್ರಾಂಕ್ ಎಂಬಾತ 1997ರಲ್ಲಿ ಒಂದು ಪುಸ್ತಕವನ್ನೇ ಬರೆದು ತೋರಿಸಿದ್ದಾನೆ. ಹರಿದ ಜೀನ್ಸ್ ನೋಡಿ. 1873ರಲ್ಲಿ ನೆವಾಡಾದ ದರ್ಜಿಯೊಬ್ಬ ಮತ್ತು ಲೆವಿ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿ ಸೇರಿ ಪೇಟೆಂಟು ಪಡೆದದ್ದು ದುಡಿಯುವವರ ಪ್ಯಾಂಟಿಗೆ. ಕಿಸೆ ಬೇಗ ಹರಿಯದಿರಲಿ ಅಂತ ತಾಮ್ರದ ಗುಂಡಿ ಹೊಡೆದಿದ್ದರು. ಈಗ ಹರಿಯದ ಪ್ಯಾಂಟನ್ನು ಕಾರ್ಖಾನೆಯಲ್ಲಿ ಹರಿದು ಹೆಚ್ಚು ಬೆಲೆಗೆ ಮಾರುತ್ತಾರೆ.

ಹಿಪ್ಪಿಗಳು ಇಸ್ತಾಂಬುಲ್, ತೆಹರಾನ್, ಕಾಬೂಲ್ ಹಾದು ನೆಲದ ದಾರಿಯಲ್ಲಿ ಬರುತ್ತಿದ್ದರು. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ, ಎರಡೂ ಆಗಿ ಆ ದಾರಿ ಮುಚ್ಚಿತು. ಬಂದವರು ಗೋವೆಯಲ್ಲಿ ಠಿಕಾಣಿ ಹೂಡಿದ್ದರು. ಗೋವೆ ಗದ್ದಲವಾದಂತೆ ಕೆಲವರು ದಕ್ಷಿಣಕ್ಕೆ ಸರಿದು ಗೋಕರ್ಣ ಕಂಡರು. ಗುಡ್ಡದಾಚೆ ಕುಡ್ಲೆ, ಓಂ, ಅರ್ಧಚಂದ್ರ ಎಂದು ಸಾಲು ಸಾಲು ಕಡಲತೀರ. ರಸ್ತೆಯಿಲ್ಲ, ಕರೆಂಟಿಲ್ಲ. ಊರೊಳಗಿನ ಮನೆಗಳಲ್ಲಿ ಕೋಣೆ ಹಿಡಿದರು, ತೀರದಲ್ಲಿ ಮಡಲಿನ ಗುಡಿಸಲಲ್ಲಿ ಮಲಗಿದರು. ಹಾಲಕ್ಕಿಗಳ, ಮೀನುಗಾರರ ಮನೆಯಲ್ಲಿ ಗಂಜಿ, ಮೀನು ಉಂಡರು. ಇದನ್ನು ಸಣ್ಣ ಮಾತೆಂದು ತಿಳಿಯಬೇಡಿ. ಯಾರ ಕೈ ನೀರು, ಯಾರ ಮಡಕೆ ಅಂತ ಕೇಳದೆ ಉಂಡ ಅತಿಥಿ ಆ ಕ್ಷೇತ್ರದಲ್ಲಿ ಅಪರೂಪ. ಮಡಿಯ ಬೀದಿಯಲ್ಲಿ ಮೈಲಿಗೆಯ ಲೆಕ್ಕವೇ ಇಲ್ಲದ ಮನುಷ್ಯ ಓಡಾಡಿದ್ದು ನಮ್ಮಂಥ ಹುಡುಗರಿಗೆ ಒಂದು ಪಾಠವೇ ಆಗಿತ್ತು. ಹೀಗೂ ಇರಲು ಬರ್ತದೆ, ಆಕಾಶ ಬೀಳೂದಿಲ್ಲ ಅಂತ ಗೊತ್ತಾಯಿತು.

ಆದರೆ ಅವನಿಗೆ ಕಾಣದ್ದೂ ಇತ್ತು. ಅವನು ತನ್ನ ದೇಶದ ಪಾದ್ರಿಯನ್ನು ಧಿಕ್ಕರಿಸಿ ಬಂದು ನಮ್ಮ ಪುರೋಹಿತಶಾಹಿಯ ಕಾಲಬುಡದಲ್ಲಿ ಕೂತ. ಮಹಾಬಲೇಶ್ವರನ ಗುಡಿಯೊಳಗೆ ಪರದೇಶಿಯೆಂದು ಬಿಡದಿದ್ದರೂ ಹೊರಗೆ ನಿಂತು ಓಂ ಬರೆದ ಅಂಗಿ ತೊಟ್ಟ, ರುದ್ರಾಕ್ಷಿ ಕಟ್ಟಿದ. ಅದೇ ಕಾಲಕ್ಕೆ ಘಟ್ಟದ ಮೇಲೆ ಏನು ನಡೆದಿತ್ತು? 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ಬೀದಿಗಳು ಹೊತ್ತಿ ಉರಿದಿದ್ದವು. ದಲಿತ ಸಂಘರ್ಷ ಸಮಿತಿ ಹುಟ್ಟುತ್ತಿತ್ತು. ಮುಂಬಯಿಯಲ್ಲಿ 1972ರಲ್ಲೇ ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರ್ ದಲಿತ ಪ್ಯಾಂಥರ್ಸ್ ಕಟ್ಟಿದ್ದರು. ಆ ಹೆಸರು 1966ರ ಓಕ್ಲೆಂಡಿನ ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಬಂದದ್ದು. ನನಗೆ ಈ ಮಾತು ಬಹಳ ಮುಖ್ಯ. ಅಮೆರಿಕದ ಕಪ್ಪು ಜನರಿಂದ ಮೈಲರನ ಹಿಪ್‌ಸ್ಟರ್ ನಡಿಗೆ, ಟೊಪ್ಪಿಗೆ ತೆಗೆದುಕೊಂಡ. ಅದೇ ಕಪ್ಪು ಜನರಿಂದ ನಮ್ಮವರು ಸಂಘಟನೆಯನ್ನು, ಹಲ್ಲು ಕಚ್ಚಿ ನಿಲ್ಲುವುದನ್ನು ತೆಗೆದುಕೊಂಡರು. ಓಂ ತೀರದಲ್ಲಿ ಮಲಗಿದ್ದ ಹಿಪ್ಪಿಗೆ ತನ್ನ ದೇಶದ ಕಪ್ಪು ಹುಡುಗರ ಸುದ್ದಿ ಘಟ್ಟ ಹತ್ತಿ ಶಿವಮೊಗ್ಗೆ, ಮೈಸೂರು ಮುಟ್ಟಿದ್ದು ಗೊತ್ತೇ ಇರಲಿಲ್ಲ.

ಈಗ ಭಟ್ಕಳಕ್ಕೆ ಹೋಗೋಣ. ಗೋಕರ್ಣದಿಂದ ನೂರು ಕಿಲೋಮೀಟರಿಗೂ ಕಡಿಮೆ ದಾರಿ. ವಿಜಯನಗರದ ಕಾಲಕ್ಕೆ ಹೊರ್ಮುಜಿನ ಕುದುರೆಗಳು ಇಳಿಯುತ್ತಿದ್ದ ರೇವು ಅದು. ಹೊರಗಿನ ಸರಕು ಅದಕ್ಕೆ ಹೊಸದಲ್ಲ. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಅಲ್ಲಿನ ನವಾಯತರ ಮಕ್ಕಳು ದುಬೈ, ಸೌದಿ ಎಂದು ಹೋದರು. ತಿರುಗಿ ಬರುವಾಗ ಗಡಿಯಾರ, ಟೇಪ್ ರೆಕಾರ್ಡರ್, ಅತ್ತರು, ನೈಲಾನ್ ಸೀರೆ, ಪ್ಯಾಂಟಿನ ಬಟ್ಟೆ ತಂದರು. ಭಟ್ಕಳದ ಬಜಾರು 'ಫಾರಿನ್ ಸಾಮಾನಿಗೆ' ಹೆಸರಾಯಿತು. ಇತಿಹಾಸದ ತಮಾಷೆ ನೋಡಿ. ತಾಲ್ಲೂಕಿನ ಈ ತುದಿಗೆ ಬಿಳಿಯ ಹುಡುಗ ಗಡಿಯಾರ ಬಿಚ್ಚಿಟ್ಟು ಹೊತ್ತೇ ಬೇಡ ಅಂತ ಮಲಗಿದ್ದಾನೆ. ಎರಡು ತಾಲ್ಲೂಕಿನಾಚೆ ನಮ್ಮ ಹುಡುಗ ಆರು ತಿಂಗಳ ಕೂಲಿ ಕೂಡಿಟ್ಟು ಅದೇ ಗಡಿಯಾರ ಕೊಳ್ಳಲು ನಿಂತಿದ್ದಾನೆ.

ನನ್ನ ಚಿಕ್ಕಪ್ಪ ಹಾಗೆ ನಿಂತವನು. ಭಟ್ಕಳದಿಂದ ಬಟ್ಟೆ ತಂದು ಹೊನ್ನಾವರದಲ್ಲಿ ಬೆಲ್‌ಬಾಟಮ್ ಹೊಲಿಸಿದ. ಅದನ್ನು ತೊಟ್ಟು ಊರ ದಾರಿಯಲ್ಲಿ ಬಂದ ದಿನ ದೊಡ್ಡ ಮನೆಯ ಜಗಲಿಯಿಂದ ಒಬ್ಬರು 'ಓಹೋ, ಕೇರಿಗೂ ಫಾರಿನ್ ಬಂತೋ' ಎಂದು ನಕ್ಕರು. ಮಾರನೆಯ ದಿನ ಕೆಲಸಕ್ಕೆ ಹೋದಾಗ ಅವನಿಗೆ ಬೇಕೆಂದೇ ಕೆಸರಿನ ಕೆಲಸ ಹಚ್ಚಿದರು. ಚಿಕ್ಕಪ್ಪ ಪ್ಯಾಂಟು ಮಡಚಲಿಲ್ಲ. ಕೆಸರಲ್ಲೇ ಇಳಿದ. ಕೊಳ್ಳುಬಾಕ ಸಮಾಜ ಕೆಟ್ಟದ್ದು ಎಂದು ನಾನೂ ಭಾಷಣ ಮಾಡುತ್ತೇನೆ, ಬಂಡವಾಳಶಾಹಿ ನಮ್ಮ ಕಿಸೆಗೆ ಕೈಹಾಕಿದ್ದೂ ನಿಜ. ಆದರೆ ಆ ಪ್ಯಾಂಟನ್ನು ಕೊಳ್ಳುಬಾಕತನ ಅಂತ ಕರೆಯಲು ನನ್ನ ನಾಲಗೆ ಏಳೂದಿಲ್ಲ. ಅಂಗಡಿಯವನು ದುಡ್ಡು ಎಣಿಸಿಕೊಂಡು ಬಟ್ಟೆ ಕೊಟ್ಟ, ಜಾತಿ ಕೇಳಲಿಲ್ಲ. ಊರಿನಲ್ಲಿ ಸಿಗದ ಒಂದು ಬಗೆಯ ಮರ್ಯಾದೆ ಬಜಾರಿನಲ್ಲಿ ಸಿಕ್ಕಿತು. ಇದು ಪೂರ್ತಿ ಬಿಡುಗಡೆ ಅಲ್ಲ, ಗೊತ್ತು. ಆದರೂ ಒಳ್ಳೆಯ ಅಂಗಿ ತೊಟ್ಟದ್ದಕ್ಕೆ, ಮೀಸೆ ತಿರುವಿದ್ದಕ್ಕೆ, ಮದುವೆಯಲ್ಲಿ ಕುದುರೆ ಏರಿದ್ದಕ್ಕೆ ದಲಿತರನ್ನು ಹೊಡೆದ ಸುದ್ದಿ ಈ ದೇಶದಲ್ಲಿ ಇಂದಿಗೂ ನಿಂತಿಲ್ಲ.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟ ಆ ಸಮಾವೇಶದಲ್ಲೇ ಅವರು ಹೆಂಗಸರನ್ನು ಕೂರಿಸಿಕೊಂಡು ಸೀರೆಯ ಮಾತಾಡಿದರು. ಮೊಣಕಾಲ ಮೇಲೆ ಉಡುವುದನ್ನು ಬಿಡಿ, ಮೇಲ್ಜಾತಿಯ ಹೆಂಗಸರು ಉಡುವ ಹಾಗೆ ಉಡಿ, ಮೈಮೇಲೆ ಹೇರಿಕೊಂಡ ಆ ಒರಟು ಒಡವೆಗಳನ್ನು ತೆಗೆದಿಡಿ ಅಂದರು. ಅವೆಲ್ಲ ಅಂದದ ವಸ್ತುಗಳಾಗಿರಲಿಲ್ಲ, ಇವಳು ಇಂಥ ಜಾತಿ ಎಂದು ದೂರದಿಂದಲೇ ಹೇಳುವ ಗುರುತುಗಳಾಗಿದ್ದವು. ಅದಕ್ಕೆ ಆರು ವರ್ಷ ಮುಂಚೆ, 1921ರ ಸೆಪ್ಟೆಂಬರಿನಲ್ಲಿ, ಗಾಂಧೀಜಿ ಮದುರೆಯಲ್ಲಿ ಅಂಗಿ ತೆಗೆದು ತುಂಡು ಪಂಚೆಗೆ ಇಳಿದಿದ್ದರು. ಬಡವರಂತೆ ಇರುತ್ತೇನೆ ಎಂದರು. ಅವರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ವಿಲಾಯತಿಯಲ್ಲಿ ಸೂಟು ತೊಟ್ಟು ಬಂದವರು ಅದನ್ನು ಬಿಚ್ಚಬಹುದು. ತೊಡಲು ಬಿಡದೆ ಇದ್ದವನು ಬಿಚ್ಚುವುದೇನನ್ನು? ಅಂಬೇಡ್ಕರರು ಸೂಟು ಬಿಚ್ಚಲಿಲ್ಲ. ನಮ್ಮ ಕೇರಿಗಳ ನಡುವೆ ನಿಂತ ಪ್ರತಿಮೆಗಳಲ್ಲೂ ಅವರ ಸೂಟು, ಬೂಟು, ಕನ್ನಡಕ ಯಾಕೆ ಹಾಗೇ ಇವೆ ಅಂತ ಕೇಳುವ ಪೇಟೆಯ ಗೆಳೆಯರಿಗೆ ಉತ್ತರ ಮಹಾಡಿನಲ್ಲಿದೆ.

ಇದನ್ನು ಮನಸ್ಸಲ್ಲಿಟ್ಟುಕೊಂಡು ಗೋಕರ್ಣದ ಬೀದಿಯನ್ನು ಮತ್ತೊಮ್ಮೆ ನೋಡಿ. ಅಲ್ಲಿ ಜಡೆಗಟ್ಟಿದ ಕೂದಲು ಒಂದು ಶೋಕಿ. ಹಣ ಕೊಟ್ಟು, ದಿನವಿಡೀ ಕೂತು ಕೂದಲು ಜಡೆಗಟ್ಟಿಸಿಕೊಳ್ಳುತ್ತಾರೆ. ಅತ್ತ ಬೆಳಗಾವಿ ಸೀಮೆಯಲ್ಲಿ ಎಣ್ಣೆ, ಬಾಚಣಿಕೆ ಕಾಣದೆ ದಲಿತ ಹುಡುಗಿಯ ತಲೆಯಲ್ಲಿ ಕೂದಲು ಗಂಟುಕಟ್ಟಿದರೆ ಅದು ಎಲ್ಲಮ್ಮ ಕರೆದದ್ದು ಅಂತ ಹೇಳಿ ಮುತ್ತು ಕಟ್ಟಿ ದೇವದಾಸಿ ಮಾಡಿಬಿಡುತ್ತಿದ್ದರು. 1982ರಲ್ಲಿ ಕರ್ನಾಟಕ ಅದನ್ನು ನಿಷೇಧಿಸಿ ಕಾಯಿದೆ ಮಾಡಿತು. ಕಾರ್ಯಕರ್ತರು ಕತ್ತರಿ ಹಿಡಿದು ಮನೆಮನೆಗೆ ಹೋಗಿ, ಹೆದರಿದ ತಾಯಂದಿರಿಗೆ ಧೈರ್ಯ ಹೇಳಿ ಆ ಜಡೆ ಕತ್ತರಿಸಬೇಕಾಯಿತು. ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ, ಆಫ್ರಿಕಾದಿಂದ ತಂದ ಜನರ ವಂಶದವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಸಿದ್ದಿ ಹುಡುಗಿಯ ಗುಂಗುರು ಕೂದಲನ್ನು ಶಾಲೆಯಲ್ಲಿ ಎಳೆದು ನಗುತ್ತಾರೆ. ಅದೇ ಕೂದಲಿನ ನಕಲು ಕಡಲತೀರದಲ್ಲಿ ಬೆಲೆಬಾಳುತ್ತದೆ.

ಬೆತ್ತಲೆಯ ಮಾತೂ ಹಾಗೇ. ಹಿಪ್ಪಿಗಳು ಬಟ್ಟೆ ಬಿಚ್ಚಿ ಕಡಲಿಗೆ ಇಳಿದದ್ದನ್ನು ಕಂಡು ಊರವರು ಛೀ ಥೂ ಅಂದರು. ಸರಿ. ಆದರೆ ಘಟ್ಟದ ಮೇಲೆ, ಸೊರಬದ ಚಂದ್ರಗುತ್ತಿಯಲ್ಲಿ ವರ್ಷ ವರ್ಷ ಹೆಂಗಸರು ವರದಾ ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡ್ಡ ಹತ್ತುತ್ತಿದ್ದಾಗ ಛೀ ಅಂದವರೆಷ್ಟು ಮಂದಿ? ಹತ್ತುತ್ತಿದ್ದವರು ಹೆಚ್ಚಾಗಿ ದಲಿತ, ಹಿಂದುಳಿದ ಹೆಂಗಸರು. 1986ರ ಮಾರ್ಚಿನಲ್ಲಿ ಇದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನು ಹೊಡೆದರು, ಪೊಲೀಸರ ಬಟ್ಟೆಯನ್ನೇ ಕಿತ್ತು ಮೆರವಣಿಗೆ ಮಾಡಿದರು. ಆಮೇಲೆ ಸರಕಾರ ಬೆತ್ತಲೆ ಸೇವೆ ನಿಷೇಧಿಸಿತು. ಆ ಹೊತ್ತಲ್ಲೂ ಕೆಲವು ವಿದ್ಯಾವಂತರು ಇದು ನಮ್ಮ ನೆಲದ ಸಂಸ್ಕೃತಿ, ಇದರಲ್ಲೊಂದು ಸಹಜ ಮುಗ್ಧತೆ ಇದೆ, ಹೊರಗಿನವರು ಕೈಹಾಕಬಾರದು ಎಂದು ವಾದಿಸಿದರು. ನನಗೆ ಹಿಪ್‌ಸ್ಟರ್ ಎಂದರೆ ಗಡ್ಡ ಬಿಟ್ಟ ಹುಡುಗನಿಗಿಂತ ಈ ವಿದ್ಯಾವಂತನೇ ಮೊದಲು ನೆನಪಾಗುತ್ತಾನೆ.

ಹಾಲಕ್ಕಿ ಹೆಂಗಸರ ಮಣಿಸರದ ಬಗ್ಗೆ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಹಾಲಕ್ಕಿಗಳು ದಲಿತರಲ್ಲ. ಅವರ ಮಣಿ, ರವಿಕೆಯಿಲ್ಲದ ಸೀರೆ ಅವರಿಗೆ ಅವಮಾನದ ಗುರುತು ಎಂದು ನಾನು ಹೇಳಲಾರೆ. 2025ರ ಫೆಬ್ರವರಿಯಲ್ಲಿ ತೀರಿಕೊಂಡ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅದೇ ಮಣಿ ಹಾಕಿಕೊಂಡೇ ಹಾಡಿದರು, ಅದೇ ಮಣಿ ಹಾಕಿಕೊಂಡೇ ಸಾರಾಯಿ ಅಂಗಡಿಯ ವಿರುದ್ಧ ಬೀದಿಗಿಳಿದರು. ಅವರಿಗೆ ಅದು ಹೆಮ್ಮೆ. ಅವರ ಮೊಮ್ಮಗಳ ಓರಗೆಯ ಹುಡುಗಿಯರು ಈಗ ಚೂಡಿದಾರ ತೊಡುತ್ತಾರೆ, ಅವರಿಗೆ ಅದು ಹೆಮ್ಮೆ. ಎರಡನ್ನೂ ಅವರವರೇ ತೀರ್ಮಾನಿಸಲಿ. ನನಗೆ ತಡೆಯಲಾಗದ್ದು, ಕ್ಯಾಮರಾ ಹಿಡಿದು ಬಂದವನು ಚ್ ಚ್ ಎಂದು ಮರುಗಿ 'ಅಯ್ಯೋ, ಇವರೂ ಬದಲಾಗಿಬಿಟ್ಟರಲ್ಲ' ಅನ್ನುವುದು. ಅವನು ಬದಲಾಗಬಹುದು. ಅವನ ರಜೆಯ ಫೋಟೋಕ್ಕಾಗಿ ಇವರು ಬದಲಾಗದೆ ನಿಂತಿರಬೇಕು!

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಹಿಪ್ಪಿಯ ಗುಡಿಸಲಿದ್ದಲ್ಲಿ ಕಾಟೇಜು, ಕಾಟೇಜಿದ್ದಲ್ಲಿ ರೆಸಾರ್ಟು ಎದ್ದಿತು. ಈಗ ಬರುವವರು ಹೆಚ್ಚಾಗಿ ನಮ್ಮ ಬೆಂಗಳೂರು, ಹೈದರಾಬಾದಿನ ಕಂಪ್ಯೂಟರ್ ಹುಡುಗರು, ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಹಿಪ್ಪಿಗಳಾಗುವವರು. ಇದರಿಂದ ಯಾರಿಗೆ ಏನು ಸಿಕ್ಕಿತು ಎಂಬುದನ್ನು ನೆಲದ ದಾಖಲೆಯಲ್ಲಿ ಹುಡುಕಬೇಕು. ಈ ಜಿಲ್ಲೆ ಗೇಣಿದಾರರ ಜಿಲ್ಲೆ. ದಿನಕರ ದೇಸಾಯಿಯವರು ರೈತರನ್ನು ಕಟ್ಟಿ ಒಡೆಯರನ್ನು ಎದುರಿಸಿದ ನೆಲ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನಿಗೆ ನೆಲ ಬಂತು, ದೊಡ್ಡ ಗೆಲುವು. ಆದರೆ ಬಂದದ್ದು ಗೇಣಿದಾರನೆಂದು ತೋರಿಸಲು ಸಾಧ್ಯವಾದವನಿಗೆ. ಮುಕ್ರಿ, ಆಗೇರ, ಹಳ್ಳೇರ ಕೇರಿಗಳಲ್ಲಿ ಗೇಣಿ ಮಾಡಿದವರಿಗಿಂತ ಕೂಲಿ ಮಾಡಿದವರೇ ಹೆಚ್ಚು. ಬಾಡಿಗೆಗೆ ಗುಡಿಸಲು ಕಟ್ಟಬೇಕೆಂದರೆ ಕಾಲಡಿ ನೆಲ ಬೇಕಲ್ಲ? ನೆಲವಿದ್ದ ಸಣ್ಣ ರೈತ ಕೆಲವು ವರ್ಷ ನಾಲ್ಕು ಕಾಸು ಕಂಡ, ಮಗಳ ಮದುವೆ ಮಾಡಿದ. ಆಮೇಲೆ ಲೀಸು, ಆಮೇಲೆ ಮಾರಾಟ. ನೆಲವಿಲ್ಲದವರು ಹೊಸ ಕಟ್ಟಡಕ್ಕೆ ಕಲ್ಲು ಹೊತ್ತರು, ಆಮೇಲೆ ಅದರ ಕಕ್ಕಸು ತೊಳೆದರು.

ಹಾಗಂತ ಈ ಹೊಸ ಹುಡುಗರ ಹುಡುಕಾಟವೆಲ್ಲ ಸುಳ್ಳು ಅನ್ನಲಾರೆ. ಅಘನಾಶಿನಿಯ ಅಳಿವೆಯಲ್ಲಿ, ಮಾಣಿಕಟ್ಟೆಯ ಕಡೆ ಗಜನಿ ಗದ್ದೆಗಳಿವೆ. ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನು ತಾಳುತ್ತದೆ, ನೆರೆಯಲ್ಲಿ ಮುಳುಗಿದರೂ ಏಳುತ್ತದೆ, ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಸಿಗಡಿಯ ರಫ್ತಿನ ಆಸೆಗೆ ಎಷ್ಟೋ ಗಜನಿಗಳು ಕೆರೆಗಳಾದವು, ಕಟ್ಟೆ ಒಡೆದವು, ಕಗ್ಗ ಕಾಣೆಯಾಗುತ್ತ ಬಂತು. ಕಡಲು ಮೇಲೇರುವ ಈ ಕಾಲದಲ್ಲಿ ಅಂಥ ಬೀಜ ಚಿನ್ನ. ಪೇಟೆಯವನೊಬ್ಬ ಫ್ಯಾಷನ್ನಿಗಾದರೂ ಸರಿ, ಕೆಂಪಕ್ಕಿ ಬೇಕು ಎಂದು ಕೇಳಿ, ಅದರಿಂದ ಗಜನಿಯ ಕಟ್ಟೆ ರಿಪೇರಿಯಾದರೆ ಅವನಿಗೆ ನಮಸ್ಕಾರ. ಕುಮಟೆಯ ಅಳ್ವೆಕೋಡಿ, ಹಂದಿಗೋಣದಲ್ಲಿ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯ ಜಡೆ ನೇತುಹಾಕಿ ಕೂತ ಹೆಂಗಸರಿಗೆ ಕಾರು ನಿಲ್ಲಿಸುವ ಗಿರಾಕಿ ಬೇಕೇ ಬೇಕು. ಅಲ್ಲಿ ದುಡ್ಡು ಬೆಳೆದ ಕೈಗೇ ನೇರ ಬೀಳುತ್ತದೆ. ಅದೇ ಈರುಳ್ಳಿ ಚಂದದ ಬುಟ್ಟಿ ಸೇರಿ, ಮೇಲೊಂದು ಚೀಟಿ ಹಚ್ಚಿಸಿಕೊಂಡು ಬೆಂಗಳೂರಿನ ಕಪಾಟಿನಲ್ಲಿ ಕೂತರೆ ಮತ್ತೆ ಕುಮಟಾ ಹತ್ತಿಯ ಕತೆ. ನಮ್ಮ ಮನೆಯಲ್ಲಿ ಬಿಳಿ ಅನ್ನ ಹಬ್ಬದ ದಿನದ್ದು, ಕೆಂಪಕ್ಕಿ ಗಂಜಿ ನಿತ್ಯದ್ದು. ಈಗ ನಾವು ರೇಷನ್ನಿನ ಬಿಳಿ ಅಕ್ಕಿ ಉಣ್ಣುತ್ತೇವೆ. ನಮ್ಮ ಗಂಜಿಗೆ ಅವರು ಇಂಗ್ಲಿಷ್ ಹೆಸರಿಟ್ಟು ತೆಂಗಿನ ಕರಟದಲ್ಲಿ ಉಣ್ಣುತ್ತಾರೆ.

ಹೊನ್ನಾವರದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಬಂತು. ಶುಚಿಯಾದ ತೀರ ಎಂದು. ಶರಾವತಿಯ ಕಾಂಡ್ಲಾ ಕಾಡಿನಲ್ಲಿ ಹಲಗೆ ಸೇತುವೆ ಮೇಲೆ ನಡೆದಾಡಿ ಜನ ಸಂತೋಷಪಡುತ್ತಾರೆ, ನಾನೂ ಪಟ್ಟಿದ್ದೇನೆ. ಅದೇ ಕಾಸರಕೋಡಿನ ಟೊಂಕದಲ್ಲಿ ಮೀನು ಒಣಗಿಸುವ ಹೆಂಗಸರು, ಮೀನುಗಾರರು ಖಾಸಗಿ ಬಂದರು ಬೇಡ ಎಂದು ವರ್ಷಗಟ್ಟಲೆ ಹೋರಾಡಿ ಲಾಠಿ, ಕೇಸು ಕಂಡರು. ನಿಸರ್ಗಪ್ರೇಮಿಗಳ ದಂಡು ಬಾವುಟದ ಕಡೆ ಇತ್ತು, ಟೊಂಕದ ಕಡೆ ಬಂದವರು ಬೆರಳೆಣಿಕೆ. ಒಣಮೀನಿನ ವಾಸನೆ ಅವರಿಗೆ ಆಗುವುದಿಲ್ಲ.

2025ರ ಜುಲೈಯಲ್ಲಿ ಗೋಕರ್ಣದ ರಾಮತೀರ್ಥ ಗುಡ್ಡದ ಗುಹೆಯೊಂದರಲ್ಲಿ ರಷ್ಯಾದ ಮಹಿಳೆಯೊಬ್ಬರು ಇಬ್ಬರು ಪುಟ್ಟ ಹೆಣ್ಣುಮಕ್ಕಳೊಂದಿಗೆ ಇದ್ದದ್ದು ಪತ್ತೆಯಾಯಿತು. ಮಳೆಗೆ ಗುಡ್ಡ ಕುಸಿದೀತೆಂದು ಪೊಲೀಸರು ಕೆಳಗೆ ಕರೆತಂದರು. ಟಿ.ವಿ.ಯವರಿಗೆ ಹಬ್ಬ. ಆ ತಾಯಿಯನ್ನು ಹಳಿಯುವುದು ನನ್ನ ಕೆಲಸವಲ್ಲ, ಅವರ ಕಷ್ಟ ಅವರಿಗೆ ಗೊತ್ತು. ಆದರೆ ಟಿ.ವಿ. ನೋಡುತ್ತ ಕೂತ ನಮ್ಮ ಓಣಿಯ ಮುದುಕಿಯೊಬ್ಬಳು ಕೇಳಿದಳು: 'ತಮಾ, ನಾವು ಕಾಡಲ್ಲಿ ಇರೂಕೆ ಎಪ್ಪತ್ತೈದು ವರ್ಷದ ಕಾಗದ ಕೇಳ್ತ್ರಲ?' ಅವಳು ಹೇಳಿದ್ದು 2006ರ ಅರಣ್ಯ ಹಕ್ಕು ಕಾಯಿದೆಯ ಮಾತು. ಬುಡಕಟ್ಟು ಅಲ್ಲದ ಅರಣ್ಯವಾಸಿ ಮೂರು ತಲೆಮಾರಿನ, ಅಂದರೆ 75 ವರ್ಷದ, ವಾಸ ತೋರಿಸಬೇಕು. ಈ ಜಿಲ್ಲೆಯಲ್ಲಿ ಸಾವಿರಾರು ಅರ್ಜಿಗಳು ಬಿದ್ದುಹೋದವು. ಅವಳದೂ ಅದರಲ್ಲಿ ಒಂದು. ಗುಡಿಸಲು ಕಟ್ಟಿ ಮೂವತ್ತು ವರ್ಷ ಗೇರು ಬೆಳೆಸಿದವಳಿಗೆ ಸಿಕ್ಕ ಹೆಸರು ಅತಿಕ್ರಮಣದಾರಳು. ಯಾವ ಪತ್ರಿಕೆಯೂ ಅವಳದನ್ನು ನಿಸರ್ಗದ ಮಡಿಲಿನ ಬದುಕು ಅಂತ ಬರೆಯಲಿಲ್ಲ.

ಹೋದ ಬೇಸಗೆಯಲ್ಲಿ ಕುಡ್ಲೆಯ ಕಡೆ ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲೊಂದು ಕಾಟೇಜಿನಲ್ಲಿ ಕೋಣೆ ಗುಡಿಸುವ ಕೆಲಸದಲ್ಲಿದ್ದಾನೆ, ನಮ್ಮ ಕೇರಿಯ ಹುಡುಗ. ಬಾಗಿಲ ಹತ್ತಿರ ಅತಿಥಿಗಳ ಚಪ್ಪಲಿಗಳು ರಾಶಿ ಬಿದ್ದಿದ್ದವು. ಅವರೆಲ್ಲ ಮರಳ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದರು, ಬರಿಗಾಲಲ್ಲಿ ನಡೆದರೆ ಭೂಮಿಯ ಶಕ್ತಿ ಮೈಗೆ ಏರುತ್ತದಂತೆ. ಇವನ ಕಾಲಲ್ಲಿ ಭಟ್ಕಳದಲ್ಲಿ ಕೊಂಡ ಬೆಳ್ಳನೆಯ ಬೂಟು. ಒಂದು ತಿಂಗಳ ಸಂಬಳದಲ್ಲಿ ಅರ್ಧ ಅದಕ್ಕೇ ಹೋಯಿತಂತೆ.

'ಮರಳಲ್ಲಿ ಬೂಟು ಎಂತಕೋ, ಒಳಗೆಲ್ಲ ತುಂಬ್ತದಲ್ಲ' ಅಂದೆ.

'ತುಂಬ್ತದೆ ಸರ್. ಸಂಜೆ ಕೊಡವ್ತೆ' ಅಂದ. ಬಕೇಟು ಎತ್ತಿಕೊಂಡು ಮುಂದಿನ ಕೋಣೆಗೆ ಹೋದ.